ಹಿತ್ತಲಿಗೆ ಒಗ್ಗಿದ ಮೆಣಸಿನಕಾಯಿ, ಪೇಟೆಯಿಂದ ಬಂದ ಟೊಮೆಟೊ

ಮೆಣಸಿನಕಾಯಿ, ಟೊಮೆಟೊ ಎರಡೂ ಬದನೆಯ ಕುಟುಂಬಕ್ಕೆ ಸೇರಿದ ಗಿಡಗಳು. ಎರಡೂ ಅಮೆರಿಕ ಖಂಡದವು. ಯುರೋಪಿನ ಹಡಗುಗಳು ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಮೆಕ್ಸಿಕೋದ ಜನ ಎರಡನ್ನೂ ಬೆಳೆದು ಉಣ್ಣುತ್ತಿದ್ದರು. ನಮ್ಮ ಅಡುಗೆಮನೆಗಳಲ್ಲಿ ಇವು ಇಂದು ಒಂದೇ ಬುಟ್ಟಿಯಲ್ಲಿ ಕೂತಿದ್ದರೂ ಅಲ್ಲಿಗೆ ಬಂದ ದಾರಿ ಬೇರೆ ಬೇರೆ. ಮೆಣಸಿನಕಾಯಿ ಎಷ್ಟು ಬೇಗ ಮನೆಯದಾಯಿತೆಂದರೆ ಅದು ಪರದೇಶಿ ಎಂಬುದೇ ಜನಕ್ಕೆ ಮರೆತುಹೋಯಿತು. ಟೊಮೆಟೊ ಮಾತ್ರ ಬಂದ ಮೇಲೂ ನೂರು ವರ್ಷಕ್ಕೂ ಹೆಚ್ಚು ಕಾಲ ಹೊರಗಿನದಾಗಿಯೇ ಉಳಿಯಿತು. ನಮ್ಮ ನಾಲಿಗೆಗೆ ಖಾರ ಇಷ್ಟ, ಅದಕ್ಕೇ ಹೀಗಾಯಿತು ಎನ್ನುವುದು ಸಾಮಾನ್ಯ ವಿವರಣೆ. ನನಗೆ ಅದು ಸಾಲದು. ಈ ವ್ಯತ್ಯಾಸವನ್ನು ತೀರ್ಮಾನಿಸಿದ್ದು ಹಿತ್ತಲು. ಬೀಜವನ್ನು ಮನೆಯಲ್ಲೇ ಇಟ್ಟುಕೊಳ್ಳಬಹುದೇ, ಬಚ್ಚಲ ನೀರಿನಲ್ಲಿ ಗಿಡ ಬದುಕುತ್ತದೆಯೇ, ಬಂದ ಫಸಲು ಮುಂದಿನ ಮಳೆಗಾಲದವರೆಗೆ ಕೆಡದೆ ಇರುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಮೆಣಸಿನಕಾಯಿ ಹೌದೆಂದಿತು. ಟೊಮೆಟೊ ಕೊನೆಯದಕ್ಕೆ ಇಲ್ಲವೆಂದಿತು, ಎರಡನೆಯದಕ್ಕೆ ಅರ್ಧ ಮನಸ್ಸಿನಿಂದ ಹೌದೆಂದಿತು.

ಮೆಣಸಿನಕಾಯಿ ಇಲ್ಲದ ಕನ್ನಡ ಅಡುಗೆ ಹೇಗಿತ್ತೆಂದು ತಿಳಿಯಲು ಆಧಾರಗಳಿಗೆ ಕೊರತೆಯಿಲ್ಲ. ಇಮ್ಮಡಿ ಚಾವುಂಡರಾಯನ 'ಲೋಕೋಪಕಾರ' 1025ರ ಕೃತಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 12ನೇ ಶತಮಾನದ್ದು. ಮೂರನೆಯ ಮಂಗರಸನ 'ಸೂಪಶಾಸ್ತ್ರ' 16ನೇ ಶತಮಾನದ ಆರಂಭದ್ದು. ಮೂರರಲ್ಲೂ ಅಡುಗೆಯ ವಿವರ ಧಾರಾಳ, ಕಾಳುಮೆಣಸು ಮತ್ತು ಇಂಗು ಧಾರಾಳ, ಮೆಣಸಿನಕಾಯಿ ಮಾತ್ರ ಎಲ್ಲೂ ಇಲ್ಲ. ಸುಮಾರು 1520ರಲ್ಲಿ ವಿಜಯನಗರ ಕಂಡ ಪೋರ್ಚುಗೀಸ ಡೊಮಿಂಗೊ ಪಾಯಸ್ ಪೇಟೆಯ ನಿಂಬೆ, ಕಿತ್ತಳೆ, ಬದನೆಗಳ ರಾಶಿಗೆ ಬೆರಗಾಗುತ್ತಾನೆ. ಅವನ ಪಟ್ಟಿಯಲ್ಲೂ ಅದರ ಸುಳಿವಿಲ್ಲ. ಪುಸ್ತಕದಲ್ಲಿ ಇಲ್ಲದ ಮಾತ್ರಕ್ಕೆ ನಾಡಿನಲ್ಲೇ ಇರಲಿಲ್ಲ ಎನ್ನಬಹುದೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆದರೆ ಪುಸ್ತಕದ ಹೊರಗೂ ಒಂದು ಸಾಕ್ಷಿಯಿದೆ. ಸಂಪ್ರದಾಯಸ್ಥರ ಮನೆಗಳ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ ಹಾಕುವುದಿಲ್ಲ, ಟೊಮೆಟೊ ಹಾಕುವುದಿಲ್ಲ. ಖಾರಕ್ಕೆ ಕಾಳುಮೆಣಸು, ಹುಳಿಗೆ ಬೇರೆ ಹುಳಿ. ಪಿತೃಗಳಿಗೆ ಬಡಿಸುವ ಎಲೆಯಲ್ಲಿ ಐನೂರು ವರ್ಷ ಹಿಂದಿನ ಅಡುಗೆ ಹಾಗೇ ಉಳಿದಿದೆ.

1500ರಲ್ಲಿ ಕಬ್ರಾಲ್‌ನ ಹಡಗುಗಳು ಬ್ರೆಜಿಲ್‌ನ ಕರಾವಳಿ ಮುಟ್ಟಿ, ಅದೇ ಯಾನದಲ್ಲಿ ಕಲ್ಲಿಕೋಟೆಗೂ ಬಂದವು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಬಂತು. ಭಟ್ಕಳ, ಹೊನ್ನಾವರ, ಬಸರೂರುಗಳು ಆಗಲೇ ಅವರು ಬಲ್ಲ ಬಂದರುಗಳು. ಆ ಕಡೆಯಿಂದ ಮೆಣಸಿನಕಾಯಿ ಒಳನಾಡಿಗೆ ಏರಿತೆಂಬುದರಲ್ಲಿ ಅನುಮಾನವಿಲ್ಲ. ಎಷ್ಟು ಬೇಗ ಎಂಬುದಕ್ಕೆ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಪುರಂದರದಾಸರ ಹೆಸರಿನ ಒಂದು ಹಾಡನ್ನು ಮುಂದಿಡುತ್ತಾರೆ: ಹಸಿರಾಗಿದ್ದು ಕೆಂಪಾಗುವ, ಬಡವರಿಗೆ ನೆರವಾಗುವ ಕಾಯಿಯ ಬಗೆಗಿನ ಹಾಡು ಅದು. ದಾಸರು ತೀರಿಕೊಂಡದ್ದು 1564ರಲ್ಲಿ. ಬಾಯಿಂದ ಬಾಯಿಗೆ ಬಂದ ಹಾಡಿನ ಮೇಲೆ ಇಸವಿಯ ಭಾರ ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಮೆಣಸಿನಕಾಯಿ ಮೊದಲು ಬಡವರ ಪದಾರ್ಥವಾಯಿತು ಎಂಬ ಅದರ ಹೊಳಹು, ಹಾಡು ಯಾರದ್ದೇ ಆಗಿರಲಿ, ಸರಿಯಾಗಿದೆ. ಕಾಳುಮೆಣಸಿನ ಬಳ್ಳಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಕೆಲವು ವರ್ಷ ಕಾಯಬೇಕು. ಬಯಲುಸೀಮೆಯವರಿಗೆ ಅದು ಕೊಂಡು ತರಬೇಕಾದ ವಸ್ತು. ಮೆಣಸಿನಗಿಡವೋ, ಸಸಿ ನೆಟ್ಟ ಮೂರು ತಿಂಗಳೊಳಗೆ ಕಾಯಿ ಬಿಡುತ್ತದೆ.

ಹಾಗಾದರೆ ಇದೆಲ್ಲ ಬೆಲೆಯ ಮಾತಾಯಿತಲ್ಲ, ಹಿತ್ತಲಿನದೇನು ಎಂದು ಆಕ್ಷೇಪಿಸುವವರಿದ್ದಾರೆ. ಅವರು ಮಲೆನಾಡನ್ನು ನೋಡಬೇಕು. ಅಡಿಕೆ ಮರಕ್ಕೆ ಕಾಳುಮೆಣಸು ಹಬ್ಬಿಸಿಕೊಂಡವರೂ ದಿನದ ಸಾರಿಗೆ ಮೆಣಸಿನಕಾಯಿಯನ್ನೇ ಹಿಡಿದರು. ಬಳ್ಳಿಯದು ಮಾರಲು, ಗಿಡದ್ದು ಉಣ್ಣಲು. ಮೆಣಸಿನಕಾಯಿ ಅಗ್ಗವಾದದ್ದೂ ಮನೆಮನೆಯ ಹಿತ್ತಲಿನಲ್ಲಿ ಅದು ಬೆಳೆದದ್ದರಿಂದಲೇ. ಹಣ್ಣಾದ ಕಾಯನ್ನು ಬಿಸಿಲಿಗೆ ಹಾಕಿದರೆ ವರ್ಷವಿಡೀ ಖಾರದಪುಡಿ, ಉಳಿದದ್ದು ಮಜ್ಜಿಗೆ ಮೆಣಸಿನಕಾಯಿ. ಅದೇ ಕಾಯೊಳಗಿನ ಬೀಜವೇ ಮುಂದಿನ ವರ್ಷದ ಬಿತ್ತನೆ. ಕೆಲವು ಜಾತಿಗೆ ಮನುಷ್ಯರ ಕೈಯೂ ಬೇಡ. ಖಾರದ ಸತ್ವವಾದ ಕ್ಯಾಪ್ಸೈಸಿನ್ ಹಕ್ಕಿಗಳಿಗೆ ತಟ್ಟುವುದಿಲ್ಲ. ಅವು ಹಣ್ಣು ತಿಂದು ಹಿಕ್ಕೆ ಹಾಕಿದಲ್ಲಿ ಸೂಜಿಮೆಣಸಿನ ಗಿಡ ಏಳುತ್ತದೆ. ಕರಾವಳಿ, ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ನೆಟ್ಟದ್ದಲ್ಲ, ಕೀಳದೆ ಬಿಟ್ಟದ್ದು. ಇನ್ನು ಜೇನುಹುಳುಗಳ ಓಡಾಟದಿಂದ ಒಂದು ಗಿಡದ ಪರಾಗ ಇನ್ನೊಂದಕ್ಕೆ ಸುಲಭವಾಗಿ ಸೇರುವುದರಿಂದ, ಬೀಜ ಆಯುವ ಹೆಂಗಸರ ಕಣ್ಣಿಗೆ ಹೊಸ ಹೊಸ ಬಗೆಗಳು ಬೀಳುತ್ತಲೇ ಇದ್ದವು. ಮಂಗಳೂರು ಕಡೆಯ ಹರೇಕಳ ಮೆಣಸು, ಬ್ಯಾಡಗಿಯ ಡಬ್ಬಿ ಮತ್ತು ಕಡ್ಡಿ ಇಂಥ ಆಯ್ಕೆಯಿಂದಲೇ ಬಂದಿರಬೇಕು. ಖಾರ ಕಡಿಮೆ, ಬಣ್ಣ ಹೆಚ್ಚು ಎಂಬ ಕಾರಣಕ್ಕೆ ಹೆಸರಾದ ಬ್ಯಾಡಗಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ನಮ್ಮ ಜನಕ್ಕೆ ಬರೀ ಖಾರದ ಚಪಲ ಎನ್ನುವವರಿಗೆ ಆ ಸುಕ್ಕುಗಟ್ಟಿದ ಕಾಯಿಯೇ ಉತ್ತರ.

ಟೊಮೆಟೊ ಬಂದದ್ದು ಬೇರೆಯವರ ಊಟಕ್ಕಾಗಿ. 18ನೇ ಶತಮಾನದ ಕೊನೆಯ ಹೊತ್ತಿಗೆ ಅದು ಇಂಗ್ಲಿಷರ ಮೂಲಕ ಭಾರತ ಸೇರಿತೆಂದು ಅಚ್ಚಯ್ಯನವರು ಗುರುತಿಸುತ್ತಾರೆ. ಅದಾಗಿ ನೂರು ವರ್ಷದ ಬಳಿಕ, ಭಾರತದ ಬೆಳೆಗಳ ಕೋಶ ಬರೆದ ಜಾರ್ಜ್ ವಾಟ್, ಇದನ್ನು ಮುಖ್ಯವಾಗಿ ಯುರೋಪಿಯನ್ನರಿಗಾಗಿ ಬೆಳೆಯುತ್ತಾರೆ, ಬಂಗಾಳಿಗಳು ಮತ್ತು ಬರ್ಮೀಯರು ಹುಳಿ ಸಾರಿಗೆ ಬಳಸುತ್ತಾರೆ ಎಂದು ಬರೆದ. 1809ರಲ್ಲಿ ದಂಡು ನೆಲೆಯೂರಿದ ಬೆಂಗಳೂರಿನಂಥ ಊರುಗಳಲ್ಲಿ ಅದಕ್ಕೆ ಗಿರಾಕಿಗಳಿದ್ದರು. ಹಳ್ಳಿಯ ಅಡುಗೆಮನೆಗೆ ಅದರ ಅಗತ್ಯವಿರಲಿಲ್ಲ. ಹುಣಸೆ, ನಿಂಬೆ, ಅಮಟೆ, ಬಿಂಬುಳಿ, ಪುನರ್ಪುಳಿ, ಮಾವು, ಹುಳಿಮಜ್ಜಿಗೆ ಎಂದು ಈ ನಾಡಿನಲ್ಲಿ ಹುಳಿಗೇನೂ ಬರವಿಲ್ಲ. ಒಂದು ಹುಣಸೆಮರದ ಹಣ್ಣನ್ನು ಉಪ್ಪು ಬೆರೆಸಿ ಮಡಕೆಗೆ ತುಂಬಿದರೆ ವರ್ಷ ಕಳೆಯುತ್ತದೆ. ಟೊಮೆಟೊ ಒಂದೇ ಸಲಕ್ಕೆ ಹಣ್ಣಾಗಿ ಒಂದೇ ವಾರದಲ್ಲಿ ಕೊಳೆಯುತ್ತದೆ.

ಮಡಿವಂತಿಕೆಯೇ ಟೊಮೆಟೊವನ್ನು ದೂರವಿಟ್ಟಿತು ಎಂಬ ವಾದವೂ ಉಂಟು. ಕೆಲವು ಮನೆಗಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಶ್ರಾದ್ಧದ ದಿನ ಹೊರಗಿಟ್ಟ ಮೆಣಸಿನಕಾಯಿಯನ್ನು ಮರುದಿನವೇ ಒಳಗೆ ಕರೆದುಕೊಂಡ ಜನ, ಟೊಮೆಟೊಗೆ ಅದೇ ರಿಯಾಯಿತಿ ಕೊಡಲು ಶಾಸ್ತ್ರವೇನೂ ಅಡ್ಡ ಬರುತ್ತಿರಲಿಲ್ಲ. ಅಡ್ಡ ಬಂದದ್ದು ಹವೆ ಮತ್ತು ಮಣ್ಣು. ರಾತ್ರಿಯ ಸೆಕೆ ಹೆಚ್ಚಾದರೆ ಟೊಮೆಟೊ ಹೂವು ಕಾಯಿ ಕಚ್ಚದೆ ಉದುರುತ್ತದೆ, ಕರಾವಳಿಯ ಹುಳಿಮಣ್ಣಿನಲ್ಲಿ ಸೊರಗು ರೋಗ ನಿಂತ ಗಿಡವನ್ನೇ ಕೆಡವುತ್ತದೆ, ಜಡಿಮಳೆಗೆ ಅಂಗಮಾರಿ. ಕೋಲಾರ, ಚಿಕ್ಕಬಳ್ಳಾಪುರದ ಎತ್ತರದ ಬಯಲಿನಲ್ಲಿ ರಾತ್ರಿ ತಂಪು, ಆದ್ದರಿಂದ ಅಲ್ಲಿ ಅದು ನೆಲೆ ನಿಂತಿತು. ಅಲ್ಲೂ ಅದು ದೊಡ್ಡ ಬೆಳೆಯಾದದ್ದು ಕೊಳವೆಬಾವಿ, ಲಾರಿ, ಮಂಡಿ ಬಂದ ಮೇಲೆ. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹುಟ್ಟಿತು, ಮುಂದೆ ಹೆಸರಘಟ್ಟದಲ್ಲಿ ನೆಲೆಯೂರಿದ ಆ ಸಂಸ್ಥೆಯಿಂದ ಅರ್ಕಾ ಹೆಸರಿನ ತಳಿಗಳು ಬಂದವು. 1973ರಲ್ಲಿ ಮನಮೋಹನ ಅತ್ತಾವರರ ಬೆಂಗಳೂರಿನ ಬೀಜ ಸಂಸ್ಥೆ 'ಕರ್ನಾಟಕ' ಎಂಬ ಹೈಬ್ರಿಡ್ ಟೊಮೆಟೊವನ್ನೂ 'ಭಾರತ್' ಎಂಬ ಹೈಬ್ರಿಡ್ ದೊಣ್ಣೆಮೆಣಸಿನಕಾಯಿಯನ್ನೂ ಹೊರತಂದಿತು. ಹೈಬ್ರಿಡ್‌ನ ಬೀಜ ತೆಗೆದಿಟ್ಟು ಬಿತ್ತಿದರೆ ಅದೇ ಗುಣ ಮರಳದು. ಹಾಗಾಗಿ ಬೀಜವೂ ಪೇಟೆಯದೇ ಆಯಿತು. 2023ರ ಜುಲೈಯಲ್ಲಿ ಕೋಲಾರದ ಮಂಡಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿದಾಗ ಹೋಟೆಲುಗಳಿಂದ ಹಿಡಿದು ಹಳ್ಳಿಯ ಮನೆಗಳವರೆಗೆ ಎಲ್ಲರೂ ಒಟ್ಟಿಗೆ ತತ್ತರಿಸಿದ್ದು ಇದಕ್ಕೇ.

ನಾಟಿ ಟೊಮೆಟೊ ಇಲ್ಲವೇ ಎಂದರೆ, ಇದೆ. ತೆಳು ಸಿಪ್ಪೆಯ, ಹುಳಿಹುಳಿಯಾದ ಆ ಹಣ್ಣು ತಿಪ್ಪೆಯ ಬದಿಯಲ್ಲೂ ತಾನಾಗಿ ಹುಟ್ಟಿ ಕಾಯಿಬಿಡುತ್ತದೆ, ಅದರ ಬೀಜ ಬಹುಮಟ್ಟಿಗೆ ಅದೇ ಗುಣದ ಗಿಡವನ್ನೇ ಕೊಡುತ್ತದೆ. ನನ್ನ ವಾದಕ್ಕೆ ಇದು ಅಪವಾದವಲ್ಲ, ಪೂರಕ: ಹಿತ್ತಲಿನ ಷರತ್ತಿಗೆ ಒಪ್ಪಿದ ಟೊಮೆಟೊಗೆ ಹಿತ್ತಲು ಜಾಗ ಕೊಟ್ಟಿತು. ಬೆಲೆ ಏರಿದಾಗ ತಾರಸಿಯಲ್ಲಿ ಟೊಮೆಟೊ ಬೆಳೆಯಿರಿ ಎಂದು ಬರುವ ಸಲಹೆಗಳನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಎರಡು ಕುಂಡದ ಮೆಣಸಿನಗಿಡ ಸಣ್ಣ ಸಂಸಾರದ ಒಗ್ಗರಣೆಯನ್ನು ಬಹುಕಾಲ ನಡೆಸಬಲ್ಲದು. ಎರಡು ಕುಂಡದ ಟೊಮೆಟೊ ಕೆಲವು ವಾರದ ಸಾರಿಗಾದರೆ ಹೆಚ್ಚು. ಇನ್ನೊಂದು ಮಾತು. ಈ ಚರಿತ್ರೆಯ ದಾಖಲೆಯೆಲ್ಲ ಆಸ್ಥಾನದವರದು, ಹಡಗಿನವರದು, ಸರ್ಕಾರದವರದು. ಹಿತ್ತಲಿನಲ್ಲಿ ಬೀಜ ಆಯ್ದವರು ಏನನ್ನೂ ಬರೆದಿಡಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಹಳೆಯ ಮೆಣಸಿನ ತಳಿಯ ಹೆಸರೋ, ಸಾರಿಗೆ ಟೊಮೆಟೊ ಮೊದಲು ಬಿದ್ದ ಕಾಲವೋ ನೆನಪಿದ್ದರೆ ಊರಿನ ಹೆಸರಿನೊಡನೆ ಬರೆದಿಡಿ, ಬೀಜವಿದ್ದರೆ ನಾಲ್ಕು ಮನೆಗೆ ಹಂಚಿ.