ಬ್ಯಾಟರಿಯ ಬೆನ್ನಿಗೆ ನಿಂತ ಬಿಸಿಲು

ಊರಾಚೆ ಮರದ ನೆರಳಿನಲ್ಲಿ ಒಂದು ವ್ಯಾನು ಎರಡು ದಿನದಿಂದ ನಿಂತಿದೆ. ಒಳಗೆ ಒಂದು ಚಿಕ್ಕ ಫ್ರಿಜ್, ಎರಡು ದೀಪ, ಫೋನ್ ಚಾರ್ಜರ್ ಇವೆ. ಇವಕ್ಕೆಲ್ಲ ವಿದ್ಯುತ್ ಸಿಗುವುದು ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದಲ್ಲ, ಸೀಟಿನ ಕೆಳಗಿಟ್ಟ ಎರಡನೇ ಬ್ಯಾಟರಿಯಿಂದ. ವ್ಯಾನು ಓಡುವಾಗ ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರ್ ಎರಡನ್ನೂ ತುಂಬಿಸುತ್ತದೆ. ನಿಂತ ಮೇಲೆ ತುಂಬಿಸುವವರಿಲ್ಲ, ಫ್ರಿಜ್ ಮಾತ್ರ ಕುಡಿಯುತ್ತಲೇ ಇರುತ್ತದೆ. ಆಗ ಪುಸ್ತಕದಂತೆ ಮಡಿಚಿಟ್ಟ ಸೌರಫಲಕ ಹೊರಬಂದು ಬಿಸಿಲಿಗೆ ಮೈಚಾಚುತ್ತದೆ.

ಇದನ್ನು ಹೊಸ ಕಾಲದ ಪ್ರವಾಸಿಗರ ಶೋಕಿ ಎಂದುಕೊಳ್ಳುವುದು ಸುಲಭ. ಆದರೆ ಸೌರಫಲಕ ಹುಟ್ಟಿದ್ದೇ ಇಂಥ ಕೆಲಸಕ್ಕೆ. ಮನೆಯ ತಾರಸಿ, ನೂರಾರು ಎಕರೆಯ ಸೌರ ಪಾರ್ಕು ಎಲ್ಲ ಬಂದದ್ದು ಆಮೇಲೆ. ಯಾರೂ ಪದೇ ಪದೇ ಹೋಗಿ ನೋಡಲಾಗದ ಜಾಗದಲ್ಲಿರುವ ಬ್ಯಾಟರಿಯನ್ನು ಸಾಯದಂತೆ ಕಾಯುವುದು ಅದರ ಮೊದಲ ಉದ್ಯೋಗ.

ಕಥೆ ಶುರುವಾಗುವುದು ಅಮೆರಿಕದ ಟೆಲಿಫೋನ್ ಕಂಪನಿಯೊಂದರ ತಲೆನೋವಿನಿಂದ. ಸೆಖೆ, ತೇವ ಹೆಚ್ಚಿರುವ ದೂರದ ಪ್ರದೇಶಗಳಲ್ಲಿ ಟೆಲಿಫೋನ್ ಉಪಕರಣಗಳ ಒಣ ಬ್ಯಾಟರಿಗಳು ಬೇಗ ಕೆಡುತ್ತಿದ್ದವು. ಪರ್ಯಾಯ ಹುಡುಕುವ ಕೆಲಸ ಬೆಲ್ ಪ್ರಯೋಗಾಲಯದ ಡ್ಯಾರಿಲ್ ಚಾಪಿನ್ ಪಾಲಿಗೆ ಬಂತು. ಆತ ಮೊದಲು ಪರೀಕ್ಷಿಸಿದ ಸೆಲೆನಿಯಂ ಕೋಶಗಳು ಬಿಸಿಲಿನ ಶೇಕಡಾ ಒಂದರಷ್ಟನ್ನೂ ವಿದ್ಯುತ್ತಾಗಿಸಲಿಲ್ಲ. ಅದೇ ಸಂಸ್ಥೆಯಲ್ಲಿ ಕ್ಯಾಲ್ವಿನ್ ಫುಲ್ಲರ್ ಮತ್ತು ಜೆರಾಲ್ಡ್ ಪಿಯರ್ಸನ್ ಬೇರೆ ಉದ್ದೇಶಕ್ಕಾಗಿ ಸಿಲಿಕಾನ್ ಮೇಲೆ ಕೆಲಸ ಮಾಡುತ್ತಿದ್ದರು. ಮೂವರೂ ಸೇರಿದ್ದರಿಂದ ಸುಮಾರು ಶೇಕಡಾ 6 ದಕ್ಷತೆಯ ಸಿಲಿಕಾನ್ ಸೌರಕೋಶ ತಯಾರಾಯಿತು. 1954ರ ಏಪ್ರಿಲ್ 25ರಂದು ಅದನ್ನು ಲೋಕಕ್ಕೆ ತೋರಿಸಲಾಯಿತು. ಕಂಪನಿ ಇಟ್ಟ ಹೆಸರು 'ಬೆಲ್ ಸೋಲಾರ್ ಬ್ಯಾಟರಿ'. ಅದರೊಳಗೆ ಒಂದು ಹನಿ ವಿದ್ಯುತ್ತೂ ಶೇಖರವಾಗುತ್ತಿರಲಿಲ್ಲ ಎಂಬುದು ಬೇರೆ ಮಾತು.

ಮರುವರ್ಷ ಅಕ್ಟೋಬರ್‌ನಲ್ಲಿ ಜಾರ್ಜಿಯಾ ರಾಜ್ಯದ ಅಮೆರಿಕಸ್ ಎಂಬ ಊರಿನ ಬಳಿ ಟೆಲಿಫೋನ್ ಕಂಬವೊಂದಕ್ಕೆ 432 ಕೋಶಗಳ ಫಲಕ ಏರಿಸಿದರು. ಹಗಲಿನ ಬಿಸಿಲು ಗ್ರಾಮೀಣ ಟೆಲಿಫೋನ್ ಲೈನಿಗೆ ವಿದ್ಯುತ್ ಕೊಟ್ಟು, ಮಿಕ್ಕಿದ್ದನ್ನು ಬ್ಯಾಟರಿಗೆ ತುಂಬುತ್ತಿತ್ತು. ರಾತ್ರಿ ಮತ್ತು ಮೋಡದ ದಿನಗಳನ್ನು ಆ ಬ್ಯಾಟರಿ ನೋಡಿಕೊಳ್ಳುತ್ತಿತ್ತು. ತಂತ್ರಜ್ಞಾನ ಗೆದ್ದಿತು, ಲೆಕ್ಕಪತ್ರ ಸೋತಿತು. ಒಂದು ವ್ಯಾಟ್‌ನ ಕೋಶಕ್ಕೆ 286 ಡಾಲರ್ ಬೀಳುತ್ತದೆಂದು 1956ರಲ್ಲಿ ಚಾಪಿನ್ನೇ ಲೆಕ್ಕ ಹಾಕಿದ್ದ. ಆ ದರದಲ್ಲಿ ಸಾಮಾನ್ಯರ ಮನೆಗೆ ಬಿಸಿಲಿನ ವಿದ್ಯುತ್ ಕನಸಿನ ಮಾತಾಗಿತ್ತು.

ಬೆಲೆ ಲೆಕ್ಕಕ್ಕೇ ಬಾರದ ಜಾಗವೊಂದಿತ್ತು, ಅದು ಅಂತರಿಕ್ಷ. ಅಮೆರಿಕದ ನೌಕಾಪಡೆ ತನ್ನ ಉಪಗ್ರಹಕ್ಕೆ ರಾಸಾಯನಿಕ ಬ್ಯಾಟರಿಯೇ ಸಾಕು ಎನ್ನುತ್ತಿತ್ತು. ಸೇನೆಯ ಸಿಗ್ನಲ್ ವಿಭಾಗದ ಹ್ಯಾನ್ಸ್ ಝೀಗ್ಲರ್ ಬಿಡಲಿಲ್ಲ. ಮೇಲೆ ಹೋದ ಬ್ಯಾಟರಿ ತೀರಿದರೆ ಬದಲಿಸಲು ಹೋಗುವವರು ಯಾರು ಎಂಬುದು ಅವನ ವಾದದ ತಿರುಳು. ಕೊನೆಗೆ 1958ರ ಮಾರ್ಚ್ 17ರಂದು ಹಾರಿದ, ಒಂದೂವರೆ ಕಿಲೋ ತೂಕದ ವ್ಯಾನ್‌ಗಾರ್ಡ್ 1ರಲ್ಲಿ ಎರಡಕ್ಕೂ ಜಾಗ ಸಿಕ್ಕಿತು. ಒಂದು ಪ್ರಸಾರಕ ಬ್ಯಾಟರಿಯಿಂದ, ಇನ್ನೊಂದು ಸೌರಕೋಶಗಳಿಂದ ನಡೆಯುತ್ತಿತ್ತು. ಆ ವರ್ಷದ ಜೂನ್ ಹೊತ್ತಿಗೆ ಬ್ಯಾಟರಿಯದು ಮೌನವಾಯಿತು. ಬಿಸಿಲಿನದು 1964ರ ಮೇ ತಿಂಗಳವರೆಗೆ ಮಾತಾಡಿತು. ವಾದ ಅಲ್ಲಿಗೆ ಮುಗಿಯಿತು.

ಫಲಕಕ್ಕೂ ಚಕ್ರಕ್ಕೂ ಗಂಟು ಬಿದ್ದ ಒಂದು ಪ್ರಸಿದ್ಧ ಪ್ರಸಂಗವೂ ಭೂಮಿಯ ಮೇಲೆ ನಡೆದದ್ದಲ್ಲ. 1970ರ ನವೆಂಬರ್‌ನಲ್ಲಿ ಸೋವಿಯತ್ ಒಕ್ಕೂಟ ಚಂದ್ರನ ಮೇಲಿಳಿಸಿದ ಲೂನೊಖೋದ್ 1 ಎಂಟು ಚಕ್ರದ, ಹಂಡೆಯಂಥ ಗಾಡಿ. ಹಂಡೆಯ ಮುಚ್ಚಳದ ಒಳಮೈಗೆ ಸೌರಕೋಶಗಳಿದ್ದವು. ಹಗಲಾದಾಗ ಮುಚ್ಚಳ ತೆರೆದು ಬ್ಯಾಟರಿ ತುಂಬಿಕೊಳ್ಳುವುದು, ಎರಡು ವಾರದ ರಾತ್ರಿಗೆ ಮುಚ್ಚಿ ಬೆಚ್ಚಗಿರುವುದು ಅದರ ದಿನಚರಿ. ಹೀಗೆ ಅದು ಹತ್ತು ಕಿಲೋಮೀಟರಿಗೂ ಹೆಚ್ಚು ತಿರುಗಾಡಿತು. 1973ರಲ್ಲಿ ಹೋದ ಲೂನೊಖೋದ್ 2ರ ತೆರೆದ ಮುಚ್ಚಳ ಒಂದು ಕುಳಿಯ ಗೋಡೆಗೆ ತಾಗಿ ಮಣ್ಣು ಮೆತ್ತಿಕೊಂಡಿತು. ಮುಚ್ಚಿದಾಗ ಆ ಮಣ್ಣು ಶಾಖ ಹೊರಹಾಕುವ ಭಾಗದ ಮೇಲೆ ಬಿತ್ತು. ಗಾಡಿ ಕಾದು ಕೆಟ್ಟಿತು. ಫಲಕದ ಮೇಲಿನ ಧೂಳನ್ನು ಬಟ್ಟೆಯಿಂದ ಒರೆಸುವ ಕೈಯೊಂದು ಅಲ್ಲಿರಲಿಲ್ಲ.

ಫಲಕವನ್ನು ಭೂಮಿಯ ಪೇಟೆಗೆ ತಂದದ್ದು, ವಿಚಿತ್ರವೆಂದರೆ, ತೈಲದ ದುಡ್ಡು. ಎಲಿಯಟ್ ಬರ್ಮನ್ ಎಂಬ ರಸಾಯನವಿಜ್ಞಾನಿ ಎಕ್ಸಾನ್ ಕಂಪನಿಯ ಬೆಂಬಲದಿಂದ 1973ರಲ್ಲಿ ಸೋಲಾರ್ ಪವರ್ ಕಾರ್ಪೊರೇಷನ್ ಕಟ್ಟಿದ. ಎಲೆಕ್ಟ್ರಾನಿಕ್ಸ್ ಉದ್ಯಮ ಬೇಡವೆಂದ ಸಿಲಿಕಾನ್ ಬಿಲ್ಲೆಗಳನ್ನು ಕೊಂಡು, ವ್ಯಾಟ್‌ಗೆ ಸುಮಾರು 100 ಡಾಲರ್ ಇದ್ದ ಬೆಲೆಯನ್ನು 20ಕ್ಕೆ ಇಳಿಸಿದ. ಗಿರಾಕಿಗಳು ಸಿಕ್ಕಿದ್ದು ಮೆಕ್ಸಿಕೊ ಕೊಲ್ಲಿಯ ತೈಲ ವೇದಿಕೆಗಳಲ್ಲಿ. ಹಡಗುಗಳು ಡಿಕ್ಕಿ ಹೊಡೆಯದಂತೆ ಎಚ್ಚರಿಸುವ ಅಲ್ಲಿನ ದೀಪ ಮತ್ತು ಕಹಳೆಗಳಿಗೆ ಭಾರಿ ಬ್ಯಾಟರಿಗಳನ್ನು ದೋಣಿಯಲ್ಲಿ ಸಾಗಿಸಿ ಬದಲಿಸಬೇಕಿತ್ತು. ಒಂದು ಫಲಕ ಮತ್ತು ಮರಳಿ ತುಂಬಬಲ್ಲ ಒಂದು ಬ್ಯಾಟರಿ ಆ ಓಡಾಟವನ್ನು ನಿಲ್ಲಿಸಿದವು.

ಬ್ಯಾಟರಿಯ ಈ ಚಾಕರಿ ಫಲಕದ ಮೈಮೇಲೂ ಗುರುತು ಬಿಟ್ಟಿದೆ. ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು ಅರ್ಧ ವೋಲ್ಟ್. 12 ವೋಲ್ಟಿನ ಸೀಸದ ಬ್ಯಾಟರಿ ಪೂರ್ತಿ ತುಂಬಲು 14 ವೋಲ್ಟಿಗೂ ಹೆಚ್ಚು ಬೇಕು. ಕೋಶ ಬಿಸಿಯಾದಂತೆ ವೋಲ್ಟೇಜು ಇಳಿಯುತ್ತದೆ, ತಂತಿಯಲ್ಲಿಯೂ ಒಂದಿಷ್ಟು ಸೋರುತ್ತದೆ. ಇದೆಲ್ಲ ಕಳೆದರೂ ಕಡಿಮೆ ಬೀಳದಿರಲೆಂದು 36 ಕೋಶಗಳನ್ನು ಸಾಲಾಗಿ ಪೋಣಿಸುವುದು ರೂಢಿಯಾಯಿತು. '12 ವೋಲ್ಟ್ ಫಲಕ' ಎಂದು ಇಂದಿಗೂ ಮಾರಾಟವಾಗುವುದು ಹೆಚ್ಚಾಗಿ ಇದೇ.

ವಾಹನದಲ್ಲಿ ಎರಡು ಬ್ಯಾಟರಿ ಬೇಕಾದದ್ದಕ್ಕೂ ಹಿನ್ನೆಲೆಯಿದೆ. ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ 1859ರಲ್ಲೇ ರೂಪಿಸಿದ್ದ. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್‌ನ ಸ್ವಯಂ ಸ್ಟಾರ್ಟರ್ ಬಂದ ಮೇಲೆ ಅದು ಎಂಜಿನ್ನಿನ ಖಾಯಂ ಜೊತೆಗಾರನಾಯಿತು. ಕೆಲವೇ ಕ್ಷಣ ಭಾರಿ ವಿದ್ಯುತ್ ಕೊಡಲು ಅದರ ಫಲಕಗಳು ತೆಳ್ಳಗಿರುತ್ತವೆ. ಗಂಟೆಗಟ್ಟಲೆ ನಿಧಾನವಾಗಿ ಖಾಲಿಯಾಗುವ ದುಡಿಮೆ ಅದಕ್ಕೆ ಆಗಿಬರದು, ಅದಕ್ಕೆ ದಪ್ಪ ಫಲಕಗಳ ಬೇರೆ ಬ್ಯಾಟರಿಯೇ ಬೇಕು. ಆದರೆ ಅದನ್ನೂ ಅರೆಖಾಲಿಯಾಗಿ ಬಹುದಿನ ಬಿಟ್ಟರೆ ಒಳಗೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ತುಂಬಿಸಿದರೂ ಹಿಂದಿನ ಶಕ್ತಿ ಬರುವುದಿಲ್ಲ. ದಿನದಿನವೂ ಸಿಗುವ ಅಷ್ಟಿಷ್ಟು ಬಿಸಿಲೇ ಅದರ ಆಯಸ್ಸು.

ನೆರಳಿನ ವ್ಯಾನಿನ ಪಕ್ಕದ ಮಡಚುವ ಫಲಕದ ಬೆಲೆ ತಿಳಿಯುವುದು ಇಲ್ಲಿ. ಸಾಲಾಗಿ ಪೋಣಿಸಿದ ಕೋಶಗಳಲ್ಲಿ ಒಂದೆರಡರ ಮೇಲೆ ಕೊಂಬೆಯ ನೆರಳು ಬಿದ್ದರೂ ಉತ್ಪಾದನೆ ಕುಸಿಯುತ್ತದೆ. ತಲೆಯ ಮೇಲೆ ಭದ್ರವಾಗಿ ಕೂತ ಫಲಕಕ್ಕೆ ಬಿಸಿಲು ಬೇಕೆಂದರೆ ವ್ಯಾನೂ ಬೇಯಬೇಕು. ಕೈಯಲ್ಲಿ ಹಿಡಿದು ಒಯ್ಯುವ ಫಲಕವಾದರೆ ಉದ್ದನೆಯ ತಂತಿಯ ತುದಿಯಲ್ಲಿ ತಾನು ಬಿಸಿಲಿನಲ್ಲಿದ್ದು, ಫ್ರಿಜ್ಜನ್ನೂ ಜನರನ್ನೂ ನೆರಳಿನಲ್ಲಿಡುತ್ತದೆ. ನೂರು ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ಐದಾರು ಆಂಪಿಯರ್ ಕೊಟ್ಟೀತು. ಸಂಜೆಯಾದ ಮೇಲೆ, ಹಗಲು ತುಂಬಿದ್ದು ಫಲಕದ ದಾರಿಯಲ್ಲೇ ಹಿಂದಕ್ಕೆ ಹರಿಯದಂತೆ ನಡುವಿನ ಚಾರ್ಜ್ ಕಂಟ್ರೋಲರ್ ತಡೆಯುತ್ತದೆ. ಬೆಳಿಗ್ಗೆ ಬಿಸಿಲು ಬಂದ ಕಡೆಗೆ ಫಲಕವನ್ನು ತಿರುಗಿಸಿಡುವುದು, ಧೂಳು ಒರೆಸುವುದು ಮಾತ್ರ ಮನುಷ್ಯರ ಪಾಲಿನ ಕೆಲಸ.