ಘಟ್ಟ ಇಳಿಯುವ ದಾರಿ: ಆಯ್ಕೆಯ ಒಂದು ಚರಿತ್ರೆ

ನ್ಯೂಯಾರ್ಕ್-ನ್ಯೂಜೆರ್ಸಿಯ ನಮ್ಮ ಕುಟುಂಬಗಳು ರಜೆಗೆ ಊರಿಗೆ ಹೊರಟಾಗ ಬೆಂಗಳೂರು ತಲುಪುವವರೆಗೆ ಹೆಚ್ಚಿನ ಚರ್ಚೆ ಇರುವುದಿಲ್ಲ. ಚರ್ಚೆ ಶುರುವಾಗುವುದು ಕರಾವಳಿಗೆ ಇಳಿಯುವಾಗ. ಶಿರಾಡಿಯೋ, ಚಾರ್ಮಾಡಿಯೋ, ಆಗುಂಬೆಯೋ? ಕಾರೋ, ರೈಲೋ? ಇಲ್ಲಿ ಬೆಳೆದ ಮಕ್ಕಳಿಗೆ ಕಿಟಕಿಯಾಚೆಯ ಕಾಡು, ಜಲಪಾತಗಳೇ ಮುಖ್ಯ. ಆದರೆ ಚರಿತ್ರೆಯನ್ನು ನೋಡಿದರೆ, ಘಟ್ಟದ ದಾರಿಯನ್ನು ನಮ್ಮ ಹಿರಿಯರು ಆರಿಸಿದ್ದು ನೋಟಕ್ಕಾಗಿ ಅಲ್ಲ. ಮಳೆ, ಹೊರೆ ಮತ್ತು ತುರ್ತು, ಈ ಮೂರನ್ನು ನೋಡಿ.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೋವಾದ ಪೋರ್ಚುಗೀಸ್ ರಾಯಭಾರಿಯ ಜೊತೆ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಹೊರಟ. ಅವರು ಹೊರಟದ್ದು ಮಳೆಗಾಲ ಮುಗಿದ ಮೇಲೆ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿ, ಅಲ್ಲಿಂದ ಘಟ್ಟದ ಏರು. ಆ ನದಿಯ ಚೆಲುವನ್ನು ಅವನು ತನ್ನ ಪತ್ರಗಳಲ್ಲಿ ಮನಸಾರೆ ಹೊಗಳಿದ್ದಾನೆ. ಆದರೆ ದೋಣಿ ಹತ್ತಿದ್ದು ಚೆಲುವಿಗಾಗಿ ಅಲ್ಲ, ನದಿಯೇ ಅಂದಿನ ಹೆದ್ದಾರಿಯಾಗಿತ್ತು. ಘಟ್ಟದ ಮೇಲಿನ ಮೆಣಸು ಕೆಳಗೆ, ಕರಾವಳಿಯ ಉಪ್ಪು ಮೇಲೆ. ಹೇರು ಹೊತ್ತ ಎತ್ತುಗಳು ಕಾಡುದಾರಿ ಸವೆಸುತ್ತಿದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷರು ಘಟ್ಟಗಳಲ್ಲಿ ಗಾಡಿರಸ್ತೆ ಮಾಡಿಸಿದರು. ಕಾರಣ ಕಾಫಿ. ಕೊಡಗು, ಮಂಜರಾಬಾದು, ಚಿಕ್ಕಮಗಳೂರಿನ ಬೀಜ ಎತ್ತಿನಗಾಡಿಗಳಲ್ಲಿ ಮಂಗಳೂರಿಗೆ ಇಳಿದು, ಅಲ್ಲಿ ಸಂಸ್ಕರಣೆಗೊಂಡು ಹಡಗು ಹತ್ತುತ್ತಿತ್ತು. ಈ ಸಾಗಣೆಗೂ ಬೇಸಿಗೆಯ ತಿಂಗಳುಗಳೇ ಆಗಬೇಕಿತ್ತು.

ಆಮೇಲೆ ರೈಲು ಬಂತು, ಆದರೆ ಘಟ್ಟಕ್ಕಲ್ಲ. ಮಲಬಾರಿನ ಕಡೆಯಿಂದ ಮಂಗಳೂರಿಗೆ ರೈಲು ಮುಟ್ಟಿದ್ದು 1907ರಲ್ಲಿ. ಹಾಸನದಿಂದ ಘಟ್ಟ ಇಳಿದು ಮಂಗಳೂರು ಸೇರುವ ಮೀಟರ್ ಗೇಜ್ ಹಳಿ ತೆರೆದದ್ದು 1979ರಲ್ಲಿ. ನಡುವಿನ 72 ವರ್ಷ ಮಂಗಳೂರಿನಿಂದ ಬೆಂಗಳೂರಿಗೆ ರೈಲಿನಲ್ಲೇ ಬರಬೇಕೆಂದರೆ ಶೊರನೂರು, ಸೇಲಂ ಸುತ್ತಿ, ಎರಡು ರಾಜ್ಯ ದಾಟಿ ಬರಬೇಕಿತ್ತು. ಇಲ್ಲವೇ ಬಸ್ಸು ಹತ್ತಿ ಘಟ್ಟದ ತಿರುವುಗಳನ್ನು ಸಹಿಸಬೇಕಿತ್ತು. ಆ ಪೀಳಿಗೆಯವರು ಬಸ್ಸು ಹತ್ತುವಾಗ ನಿಂಬೆಹಣ್ಣು ಹಿಡಿದಿರುತ್ತಿದ್ದುದು ಸುಮ್ಮನೆ ಅಲ್ಲ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿ.ಮೀ. ಹಾದಿಯಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಸಾಗಿದರೆ ಒಂದು ಅಡಿ ಇಳಿಜಾರು. ರೈಲಿನ ಮಟ್ಟಿಗೆ ಇದು ಕಡಿದು. ಬ್ರಾಡ್ ಗೇಜಿಗಾಗಿ 1996ರಲ್ಲಿ ಮುಚ್ಚಿದ ಈ ಹಳಿಯಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. 2021ರಲ್ಲಿ ಗಾಜಿನ ಚಾವಣಿಯ ವಿಸ್ಟಾಡೋಮ್ ಬೋಗಿ ಬಂತು. ಕೇವಲ ನೋಟಕ್ಕಾಗಿ ಘಟ್ಟ ಇಳಿಯುವ ಪ್ರಯಾಣಿಕನಿಗೆಂದೇ ಒಂದು ಬೋಗಿ ಮೀಸಲಾದದ್ದು ಇಷ್ಟು ಇತ್ತೀಚೆಗೆ.

ಹಾಗೆಂದು ಹಳೆಯ ತುರ್ತು ಮುಗಿದಿಲ್ಲ. ವೈದ್ಯನಾಗಿ ನನಗೆ ಮುಖ್ಯವೆನಿಸುವುದು ಇದೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ವೈದ್ಯಕೀಯ ಕಾಲೇಜು ಆರಂಭಿಸಿದರು. ಅದು ಬೆಳೆದಂತೆ ತೀರ್ಥಹಳ್ಳಿ, ಶೃಂಗೇರಿ, ಕೊಪ್ಪದ ಕಡೆಯ ರೋಗಿಗಳಿಗೆ ಬೆಂಗಳೂರಿಗಿಂತ ಘಟ್ಟದ ಕೆಳಗಿನ ಆಸ್ಪತ್ರೆಯೇ ಹತ್ತಿರವಾಯಿತು. ಹೃದಯಾಘಾತವಾದವರಿಗೆ, ಹೆರಿಗೆ ಕಷ್ಟವಾದವರಿಗೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವುದು ಆಯ್ಕೆಯಲ್ಲ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 7,000 ಮಿ.ಮೀ.; ನ್ಯೂಯಾರ್ಕಿನ ಮಳೆಯ ಐದು ಪಟ್ಟಿಗಿಂತ ಹೆಚ್ಚು. 2018ರ ಆಗಸ್ಟಿನಲ್ಲಿ ಸಂಪಾಜೆ, 2019ರ ಆಗಸ್ಟಿನಲ್ಲಿ ಚಾರ್ಮಾಡಿ, 2024ರ ಜುಲೈಯಲ್ಲಿ ಎಡಕುಮೇರಿ ಬಳಿಯ ರೈಲು ಹಳಿ, ಇವೆಲ್ಲ ಭೂಕುಸಿತದಿಂದ ಮುಚ್ಚಿದವು. ಒಂದು ದಾರಿ ಮುಚ್ಚಿದರೆ ಅದರ ವಾಹನಗಳೆಲ್ಲ ಉಳಿದ ದಾರಿಗಳ ಮೇಲೆ ಬೀಳುತ್ತವೆ.

ಆದ್ದರಿಂದ ಊರಿಗೆ ಹೊರಟ ನಮ್ಮವರಿಗೆ ನನ್ನ ಸಲಹೆ ಸರಳ. ನೋಟವೇ ಬೇಕಿದ್ದರೆ ಹಗಲು ರೈಲಿನಲ್ಲಿ ಇಳಿಯಿರಿ. ಮಳೆ ಹಿಡಿದ ವಾರವಾದರೆ ಅಂದಿನ ಸುದ್ದಿ ಕೇಳಿ ಹೊರಡಿ. ಕಾರಿನಲ್ಲಿ ಹೋದರೆ ಫೋಟೋಕ್ಕಾಗಿ ತಿರುವಿನಲ್ಲಿ ನಿಲ್ಲಿಸಬೇಡಿ. ನಿಮ್ಮ ಹಿಂದೆ ಮಣಿಪಾಲಕ್ಕೆ ಹೊರಟ ಆಂಬುಲೆನ್ಸ್ ಇರಬಹುದು.