ಹಡಗಿನಿಂದಿಳಿದ ಮೋರ್ಸ್ ಕೀಗಳು

ಒಬ್ಬರು ಅಂಚೆಚೀಟಿ ಕೂಡಿಡುತ್ತಾರೆ, ಇನ್ನೊಬ್ಬರು ಹಳೆಯ ನಾಣ್ಯ. ನಮ್ಮ ಬೀದಿಯಲ್ಲಿ ಬೆಂಕಿಪೊಟ್ಟಣದ ಚಿತ್ರ ಕೂಡಿಡುವವರೂ ಒಬ್ಬರಿದ್ದರು. ಹಡಗಿನಲ್ಲಿ ರೇಡಿಯೋ ಆಫೀಸರಾಗಿದ್ದ ನನ್ನ ದೊಡ್ಡಮ್ಮನ ಮಗ, ಅಣ್ಣ, ನಿವೃತ್ತನಾದ ಮೇಲೆ ಹಿಡಿದದ್ದು ಮೋರ್ಸ್ ಕೀಗಳನ್ನು. ಷೋಕೇಸಿನ ಎರಡು ಸಾಲು ಅವಕ್ಕೇ ಹೋಗಿವೆ. "ಬಂದವರಿಗೆ ತೋರಿಸಲಿಕ್ಕೆ ಬೆಳ್ಳಿ ಇಲ್ಲ, ಇದಾದರೂ ಇದೆ" ಎಂದು ಅತ್ತಿಗೆ ನಗುತ್ತಾರೆ.

ವಸ್ತು ನೋಡಲು ದೊಡ್ಡದೇನಲ್ಲ. ಹಿತ್ತಾಳೆಯ ಒಂದು ಪುಟ್ಟ ಸನ್ನೆಕೋಲು, ತುದಿಯಲ್ಲೊಂದು ಕಪ್ಪು ಗುಂಡಿ, ಕೆಳಗೊಂದು ಸ್ಪ್ರಿಂಗು. ಗುಂಡಿ ಒತ್ತಿದರೆ ಎರಡು ಲೋಹದ ಬಿಲ್ಲೆಗಳು ಕೂಡಿ ವಿದ್ಯುತ್ತು ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಗಕ್ಕನೆ ಒತ್ತಿ ಬಿಟ್ಟರೆ ಚುಕ್ಕೆ. ಅದರ ಮೂರರಷ್ಟು ಹೊತ್ತು ಹಿಡಿದರೆ ಗೀಟು. ಇಷ್ಟರಲ್ಲೇ ಎಲ್ಲ ಅಕ್ಷರ, ಎಲ್ಲ ಅಂಕಿ. ನೂರೈವತ್ತು ವರ್ಷ ಲೋಕದ ಸುಖದುಃಖವೆಲ್ಲ ಈ ಗುಂಡಿಯ ಕೆಳಗೆ ಹಾದುಹೋಯಿತು ಎಂದರೆ ನಂಬಲು ಕಷ್ಟ.

ಇದಕ್ಕೆ ಹೆಸರು ಕೊಟ್ಟ ಸ್ಯಾಮ್ಯುಯೆಲ್ ಮೋರ್ಸ್ ಮೂಲತಃ ಚಿತ್ರಕಾರ. 1825ರ ಫೆಬ್ರವರಿಯಲ್ಲಿ ಅವನು ವಾಷಿಂಗ್ಟನ್ನಿನಲ್ಲಿ ಒಬ್ಬ ದೊಡ್ಡ ಮನುಷ್ಯರ ಭಾವಚಿತ್ರ ಬರೆಯುತ್ತಿದ್ದಾಗ ಊರಿನಲ್ಲಿ ಹೆಂಡತಿ ಲುಕ್ರೀಷಿಯಾ ತೀರಿಕೊಂಡಳು. ಕಾಗದ ಕೈಸೇರಿ ಅವನು ಮನೆ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿತ್ತು. ಆ ದುಃಖವೇ ಅವನನ್ನು ತಂತಿಯ ಕಡೆಗೆ ತಿರುಗಿಸಿತು ಎಂದು ಹೇಳುವವರುಂಟು. ಹಾಗೇ ಇರಲೂಬಹುದು. ಆದರೆ ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಮೊದಲ ಸಾರ್ವಜನಿಕ ತಂತಿ ಹೋದದ್ದು 1844ರ ಮೇ 24ರಂದು; ನಡುವೆ ಹತ್ತೊಂಬತ್ತು ವರ್ಷ. ಸನ್ನೆಕೋಲಿನ ಕೀ ರೂಪಿಸುವುದರಲ್ಲಿ ಅವನ ಜೊತೆಗಾರ ಆಲ್ಫ್ರೆಡ್ ವೇಲ್‌ನ ಕೈ ದೊಡ್ಡದು. ಹೆಸರು ಮಾತ್ರ ಮೋರ್ಸನದೇ ಉಳಿಯಿತು.

ಸಾವಿನ ಸುದ್ದಿ ತಡವಾಗಿ ಮುಟ್ಟಿದವನ ಹೆಸರಿನ ಈ ಸಾಧನ ನಮ್ಮ ಊರುಗಳಲ್ಲಿ ಸಾವಿನ ಸುದ್ದಿಗೇ ಗುರುತಾದದ್ದು ವಿಚಿತ್ರ. ಭಾರತದಲ್ಲಿ 1850ರಲ್ಲಿ ಕಲ್ಕತ್ತೆಯಿಂದ ಡೈಮಂಡ್ ಹಾರ್ಬರಿಗೆ ಪ್ರಾಯೋಗಿಕವಾಗಿ ಹುಟ್ಟಿದ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ಅಷ್ಟು ಕಾಲವೂ "ತಂತಿ ಬಂದಿದೆ" ಎಂಬ ಮಾತು ಕೇಳಿದರೆ ಓದುವ ಮೊದಲೇ ಮನೆಯಲ್ಲಿ ಅಳು. ಅಣ್ಣ ಒಮ್ಮೆ ನಡುಸಮುದ್ರದಿಂದ ಬಾಂಬೆ ರೇಡಿಯೋ ಮೂಲಕ ದೀಪಾವಳಿಗೆ ಶುಭಾಶಯ ಕಳಿಸಿದ್ದ. ಹಡಗಿನ ಸಂದೇಶ ಅಲ್ಲಿ ಇಳಿದು ತಂತಿಯಾಗಿ ನಮ್ಮೂರಿಗೆ ಬಂತು. ಎಣ್ಣೆಸ್ನಾನಕ್ಕೆ ಹಂಡೆ ಕಾಯಿಸುತ್ತಿದ್ದ ದೊಡ್ಡಮ್ಮ ಅಂಚೆಯವನನ್ನು ಕಂಡೊಡನೆ ಬಾಗಿಲಲ್ಲೇ ಕುಸಿದು ಕೂತರು. ಅದರಲ್ಲಿದ್ದದ್ದು ಹಬ್ಬದ ಹಾರೈಕೆ ಎಂದು ತಿಳಿದ ಮೇಲೂ ಅವತ್ತು ಅವರಿಗೆ ಊಟ ಸೇರಲಿಲ್ಲ.

ಹಡಗಿನ ಕೀಗಳದು ಬೇರೆಯೇ ಜಾತಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಹಡಗಿನಲ್ಲಿದ್ದದ್ದು ಕಿಡಿ ಹಾರಿಸಿ ಅಲೆ ಎಬ್ಬಿಸುವ ಯಂತ್ರ. ಅದರ ಭಾರೀ ವಿದ್ಯುತ್ತು ಕೀಯ ಮೂಲಕವೇ ಹರಿಯುತ್ತಿದ್ದುದರಿಂದ ಬಿಲ್ಲೆಗಳು ದಪ್ಪ, ಕೋಲು ಭಾರ. ಗುಂಡಿಯ ಕೆಳಗೆ ತಟ್ಟೆಯಂಥ ಒಂದು ಅಂಚು; ಬೆರಳು ಜಾರಿ ಲೋಹಕ್ಕೆ ತಗುಲದಿರಲಿ ಎಂದು. ಮುಂದೆ ವಾಲ್ವಿನ ರೇಡಿಯೋ ಬಂದ ಮೇಲೆ ಕೀ ಸಣ್ಣದಾಯಿತು. ಜರ್ಮನಿಯ ಯುಂಕರ್ ಕೀಗೆ ಕಬ್ಬಿಣದ ಪೀಠ, ಮೇಲೆ ತೆರೆದು ಮುಚ್ಚುವ ಮುಚ್ಚಳ, ಥೇಟ್ ನಮ್ಮ ಕುಂಕುಮದ ಭರಣಿಯಂತೆ. ಅಣ್ಣನ ಹತ್ತಿರ ಇರುವವುಗಳಲ್ಲಿ ನನಗೆ ಅದೇ ಇಷ್ಟ. ಅವನಿಗೆ ಮಾತ್ರ ಮಾರ್ಕೋನಿ ಕಂಪನಿಯ 365 ಎಂಬ ಸಂಖ್ಯೆಯದೇ ಹೆಚ್ಚು. ಕೈ ಪಳಗಿದ್ದು ಅದರ ಮೇಲಂತೆ. ಹಡಗಿನ ಖಲಾಸಿಗಳು ಅವನನ್ನು ಕರೆಯುತ್ತಿದ್ದದ್ದೂ "ಮಾರ್ಕೋನಿ ಸಾಬ್" ಎಂದೇ.

ದಿನವಿಡೀ ಕೀ ಒತ್ತಿದವರಿಗೆ ತೋಳು ಹಿಡಿದುಕೊಳ್ಳುತ್ತಿತ್ತು. ಅಮೆರಿಕದವರು ಅದಕ್ಕೆ "ಗಾಜಿನ ತೋಳು" ಎಂದು ಹೆಸರಿಟ್ಟಿದ್ದರು. ಆ ನೋವು ತಪ್ಪಿಸಲು ಹೊರೇಸ್ ಮಾರ್ಟಿನ್ ಎಂಬವನು ಚುಕ್ಕೆಗಳನ್ನು ಸ್ಪ್ರಿಂಗಿನ ಅದುರಿನಿಂದ ತಾನೇ ಹೊಡೆಯುವ ವೈಬ್ರೊಪ್ಲೆಕ್ಸ್ ಎಂಬ ಕೀ ಮಾಡಿದ. ಒರಳಿನಲ್ಲಿ ರುಬ್ಬಿ ರುಬ್ಬಿ ನಮ್ಮ ಅಜ್ಜಿಯರ ತೋಳಿಗೆ ಬಂದ ನೋವಿಗೆ ಯಾರೂ ಹೆಸರಿಡಲಿಲ್ಲ. ಗ್ರೈಂಡರ್ ಮಾಡಿದವರೂ ಎಷ್ಟು ತಡವಾಗಿ ಬಂದರು ನೋಡಿ.

ಒರಳಿನ ಮಾತಿಗೇ ಇನ್ನೊಂದು ಹೇಳಬೇಕು. ತವರಿನಲ್ಲಿ ನಾವು ಜಗಲಿಯಲ್ಲಿ ಕೂತೇ, ಒಳಗೆ ರುಬ್ಬುತ್ತಿರುವುದು ಅಮ್ಮನೋ ಚಿಕ್ಕಮ್ಮನೋ ಎಂದು ಸದ್ದಿನಲ್ಲೇ ಹೇಳುತ್ತಿದ್ದೆವು. ಮೋರ್ಸ್ ಕಲಿತವರಿಗೂ ಹಾಗೇ ಪರಸ್ಪರರ ಕೈ ಗೊತ್ತು. ಒಬ್ಬನ ಗೀಟು ತುಸು ಉದ್ದ, ಇನ್ನೊಬ್ಬನ ಚುಕ್ಕೆ ಅವಸರದ್ದು. ಸಾವಿರ ಮೈಲಿ ದೂರದ, ಎಂದೂ ಮುಖ ನೋಡದವನನ್ನು ಎರಡು ಪದದಲ್ಲಿ ಗುರುತು ಹಿಡಿಯುತ್ತಿದ್ದರು.

ಸಂಗ್ರಹಕಾರರಿಗೂ ಮುಖ್ಯ ಆ ಕೈಯ ಗುರುತೇ. ಗುಂಡಿ ಯಾವ ಕಡೆ ಸವೆದಿದೆ, ಬಿಲ್ಲೆಯ ಮೇಲೆ ಕಿಡಿ ಕೊರೆದ ಗುಳಿ ಇದೆಯೇ, ಮೇಜಿಗೆ ಬಿಗಿದ ತಿರುಪಿನ ಗಾಯ ಪೀಠದ ಮೇಲಿದೆಯೇ ಎಂದು ನೋಡುತ್ತಾರೆ. ಹಿತ್ತಾಳೆ ಕಂಡರೆ ಹುಣಸೆಹಣ್ಣು ಹಚ್ಚಿ ಉಜ್ಜುವುದು ನಮ್ಮ ಕೈಯ ಸ್ವಭಾವ. ಇಲ್ಲಿ ಅದು ಮಹಾಪರಾಧ. ಕಾಲ ಹತ್ತಿಸಿದ ಕಂದು ಬಣ್ಣ ಹೋದರೆ ಬೆಲೆಯೂ ಹೋಯಿತು. ಅತ್ತಿಗೆ ಒಂದು ನವರಾತ್ರಿಯಲ್ಲಿ ಪೂಜೆಯ ಸಾಮಾನಿನ ಜೊತೆ ಒಂದು ಕೀಯನ್ನೂ ಫಳಫಳ ಮಾಡಿಟ್ಟಿದ್ದರು. ಅಣ್ಣ ಒಂದು ವಾರ ಮಾತು ಬಿಟ್ಟನಂತೆ.

ಹೊಳೆಯುವ ಹಿತ್ತಾಳೆಯ ಮೇಲೆ "ಟೈಟಾನಿಕ್, 1912" ಎಂದು ಕೆತ್ತಿಸಿಕೊಂಡ ಕೀಗಳೂ ಪೇಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಅವುಗಳಲ್ಲಿ ಬಹಳಷ್ಟು ನಮ್ಮ ದೇಶದಲ್ಲೇ ಎರಕ ಹೊಯ್ದದ್ದು. ಟೈಟಾನಿಕ್ಕಿನ ನಿಜವಾದ ರೇಡಿಯೋ ಕೋಣೆ ಇರುವುದು ಅಟ್ಲಾಂಟಿಕ್ಕಿನಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ.

ಆ ರಾತ್ರಿಯ ಕತೆಯಲ್ಲಿ ನನ್ನನ್ನು ಕಾಡುವುದು ಹುಡುಗರ ವಯಸ್ಸು. ಟೈಟಾನಿಕ್ಕಿನ ಕೀ ಮುಂದೆ ಕೂತಿದ್ದ ಜಾಕ್ ಫಿಲಿಪ್ಸನಿಗೆ 25, ಸಹಾಯಕ ಹೆರಾಲ್ಡ್ ಬ್ರೈಡ್‌ಗೆ 22. ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಒಬ್ಬನೇ ಆಪರೇಟರ್ ಸಿರಿಲ್ ಇವಾನ್ಸ್, 20 ವರ್ಷದವನು, ದಿನವಿಡೀ ದುಡಿದು, ಡಿಕ್ಕಿಗೆ ಕೆಲವೇ ನಿಮಿಷ ಮುಂಚೆ ಯಂತ್ರ ಆರಿಸಿ ಮಲಗಿದ. ದೂರದಲ್ಲಿದ್ದ ಕಾರ್ಪೇಥಿಯಾದಲ್ಲಿ 21ರ ಹೆರಾಲ್ಡ್ ಕಾಟಮ್ ಇನ್ನೂ ಮಲಗಿರಲಿಲ್ಲ. ಬಟ್ಟೆ ಬಿಚ್ಚುತ್ತ ಕಿವಿಗೆ ಹಾಕಿಕೊಂಡಿದ್ದ. ಒಬ್ಬ ಹುಡುಗನ ನಿದ್ದೆ, ಇನ್ನೊಬ್ಬನ ಎಚ್ಚರ. ಸುಮಾರು 1,500 ಜನ ಸತ್ತರು, 700ರಷ್ಟು ಜನ ಉಳಿದರು. ಫಿಲಿಪ್ಸ್ ಕೊನೆಯವರೆಗೂ ಕೀ ಒತ್ತುತ್ತಿದ್ದು ಸತ್ತ. ಬ್ರೈಡ್ ಹಿಮಕ್ಕೆ ಕೆಟ್ಟ ಕಾಲಿಟ್ಟುಕೊಂಡೇ ಕಾರ್ಪೇಥಿಯಾದಲ್ಲಿ ಕಾಟಮನ ಜೊತೆ ಕೂತು ಉಳಿದವರ ಸುದ್ದಿ ಕಳಿಸಿದ. ಇವಾನ್ಸನನ್ನು ನಾನು ದೂರಲಾರೆ. ಒಬ್ಬನನ್ನೇ ಇಟ್ಟು ಹಗಲೂ ರಾತ್ರಿಯೂ ಎಚ್ಚರ ಬಯಸುವುದು ಯಾವ ನ್ಯಾಯ?

ಆಮೇಲೆ ನಿಯಮಗಳು ಬಿಗಿಯಾದವು. ಅಪಾಯದ ಕರೆಯ ತರಂಗದಲ್ಲಿ ಪ್ರತಿ ಗಂಟೆ 15ರಿಂದ 18ನೇ ನಿಮಿಷ, 45ರಿಂದ 48ನೇ ನಿಮಿಷ ಎಲ್ಲ ಹಡಗುಗಳೂ ಕೀಯಿಂದ ಕೈ ತೆಗೆದು ಸುಮ್ಮನೆ ಕೇಳಬೇಕೆಂಬ ಕ್ರಮ ಬಂತು. ಕ್ಷೀಣವಾದ ಕೂಗೂ ಕೇಳಿಸಲಿ ಎಂದು. ರೇಡಿಯೋ ಕೋಣೆಯ ಗಡಿಯಾರದಲ್ಲಿ ಆ ಎರಡು ತುಂಡುಗಳಿಗೆ ಕೆಂಪು ಬಣ್ಣ. ಇಡೀ ಲೋಕದ ಕಡಲುಗಳೆಲ್ಲ ಗಂಟೆಗೆ ಎರಡು ಸಲ ಮೌನ ಹಿಡಿಯುತ್ತಿದ್ದವು ಎಂಬುದನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ.

2020ರಲ್ಲಿ ಅಮೆರಿಕದ ಒಂದು ನ್ಯಾಯಾಲಯ ಟೈಟಾನಿಕ್ಕಿನ ರೇಡಿಯೋ ಯಂತ್ರವನ್ನು ಮೇಲೆತ್ತಲು ಅನುಮತಿ ಕೊಟ್ಟಿತ್ತು. ಕೋಣೆಯ ಚಾವಣಿ ಕುಸಿಯುತ್ತಿದೆ, ಈಗ ತೆಗೆಯದಿದ್ದರೆ ಸಿಗುವುದಿಲ್ಲ ಎಂಬುದು ಕಂಪನಿಯ ವಾದ. ಅದು ಗೋರಿ, ಮುಟ್ಟಬೇಡಿ ಎಂಬುದು ಎದುರು ವಾದ. ಸಾಂಕ್ರಾಮಿಕದ ಕಾಲದಲ್ಲಿ ಯೋಜನೆ ನಿಂತಿತು. ಅಣ್ಣನಿಗೆ ಅದು ಮೇಲೆ ಬರಬೇಕೆಂದು ಆಸೆ. ನನಗಿಲ್ಲ. ಮನೆಯವರು ಬಿಟ್ಟುಹೋದ ಕೋಣೆಗೆ ಚಾವಣಿ ಕೊಯ್ದು ಇಳಿಯುವುದು ಹೇಗೆ ಸರಿ ಎಂದು ಕೇಳಿದರೆ ಅವನು, "ನೀನು ಸಂಗ್ರಹಕಾರಳಲ್ಲ" ಎನ್ನುತ್ತಾನೆ.

1997ರ ಜನವರಿ 31ರಂದು ಫ್ರಾನ್ಸಿನ ನೌಕಾಪಡೆ ಕಡಲಿಗೆ ಕೊನೆಯ ಮೋರ್ಸ್ ಕರೆ ಕಳಿಸಿ ವಿದಾಯ ಹೇಳಿತು. 1999ರ ಫೆಬ್ರವರಿ 1ರಿಂದ ಉಪಗ್ರಹ ಆಧಾರಿತ ವ್ಯವಸ್ಥೆ ಪೂರ್ತಿ ಜಾರಿಯಾಗಿ, ಹಡಗಿನಲ್ಲಿ ಮಾರ್ಕೋನಿ ಸಾಬರ ಅಗತ್ಯವೇ ಉಳಿಯಲಿಲ್ಲ. ಹಳೆಯ ಹಡಗುಗಳು ಗುಜರಾತಿನ ಅಲಂಗ್ ಕಡಲತೀರಕ್ಕೆ ಬಂದು ತುಂಡಾದವು. ಕುರ್ಚಿ, ಮಂಚ, ಪಿಂಗಾಣಿಯೆಲ್ಲ ರಸ್ತೆ ಬದಿಯ ಅಂಗಡಿ ಸೇರಿತು. ಅಣ್ಣನ ಯುಂಕರ್ ಸಿಕ್ಕಿದ್ದು ಅಲ್ಲಿಯೇ, ತಟ್ಟೆ ಚಮಚಗಳ ರಾಶಿಯ ನಡುವೆ.

ಇಷ್ಟೆಲ್ಲ ಗಂಡಸರ ಕತೆಯಾಯಿತಲ್ಲ ಎಂದು ನಿಮಗನಿಸಿರಬಹುದು. ನನಗೂ ಅನಿಸಿತ್ತು. ಕೆನಡಾದ ಫರ್ನ್ ಬ್ಲಾಜೆಟ್ ಟೊರಾಂಟೊದಲ್ಲಿ ಸ್ಟೆನೋಗ್ರಾಫರ್. ಹಗಲು ಆಫೀಸು, ರಾತ್ರಿ ಮೋರ್ಸ್ ತರಗತಿ. 1941ರಲ್ಲಿ, ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ಕಿನಲ್ಲಿ ಹಡಗು ಬೇಟೆಯಾಡುತ್ತಿದ್ದ ಕಾಲದಲ್ಲಿ, ಪರೀಕ್ಷೆ ಪಾಸು ಮಾಡಿ ನಾರ್ವೆಯ ಮೋಸ್‌ಡೇಲ್ ಎಂಬ ಸರಕು ಹಡಗು ಹತ್ತಿದಳು. ಯುದ್ಧಕಾಲದ ಮೌನದಲ್ಲಿ ಕೀ ಮುಟ್ಟುವುದು ಅಪರೂಪ. ಕೆಲಸವೆಂದರೆ ಕಿವಿಗೆ ಹಾಕಿಕೊಂಡು ಕೇಳುತ್ತ ಕೂರುವುದು. ಮರುವರ್ಷ ಅದೇ ಹಡಗಿನ ಕ್ಯಾಪ್ಟನ್ ಗೆರ್ನರ್ ಸುಂಡೆಯನ್ನು ಮದುವೆಯಾದಳು, ಆದರೆ ಕೋಣೆ ಬಿಡಲಿಲ್ಲ. ಒಟ್ಟು 78 ಬಾರಿ ಅಟ್ಲಾಂಟಿಕ್ ದಾಟಿದಳು. 1943ರಲ್ಲಿ ನಾರ್ವೆಯ ದೊರೆ ಅವಳಿಗೆ ಯುದ್ಧಪದಕ ಕೊಟ್ಟ. ಅದನ್ನು ಪಡೆದ ಮೊದಲ ಹೆಂಗಸು ಅವಳು. ಅವಳ ಹಿಂದೆಯೇ ಕೆನಡಾದ ಇನ್ನೂ ಹಲವು ಹುಡುಗಿಯರು ಸರ್ಟಿಫಿಕೇಟು ಹಿಡಿದುಕೊಂಡು ನಾರ್ವೆಯ ಹಡಗುಗಳನ್ನು ಹತ್ತಿದರು.